ಎಎಸ್‌ಪಿ ಡಾಟ್‌ನೆಟ್ ಕೋರ್‌ನ ಡಿಐ ಕಂಟೇನರ್: ಅಡಿಕೆ ಮಂಡಿ ಲೆಕ್ಕಕ್ಕೆ ವರ್ಷಗಟ್ಟಲೆ ಬಳಸಿದ ಮೇಲೆ

ಶಿವಮೊಗ್ಗದ ಅಡಿಕೆ ಮಂಡಿಗಳಿಗೆ ಲೆಕ್ಕ ಬರೆಯುವ ವೆಬ್ ಆ್ಯಪ್ ಮಾಡಿಕೊಡುವುದು ನಮ್ಮ ಕೆಲಸ. ಅದಕ್ಕೆ ಬಳಸುವುದು ಮೈಕ್ರೋಸಾಫ್ಟಿನ ವೆಬ್ ಫ್ರೇಮ್‌ವರ್ಕ್ ಎಎಸ್‌ಪಿ ಡಾಟ್‌ನೆಟ್ ಕೋರ್. ಅದು 2016ರಲ್ಲಿ ಬಂದಾಗಲೇ ಡಿಪೆಂಡೆನ್ಸಿ ಇಂಜೆಕ್ಷನ್ (ಡಿಐ), ಅಂದ್ರೆ ಒಂದು ಕ್ಲಾಸಿಗೆ ಬೇಕಾದ ಆಬ್ಜೆಕ್ಟ್‌ಗಳನ್ನು ಹೊರಗಿನಿಂದ ಒದಗಿಸುವ ವ್ಯವಸ್ಥೆ, ಅದರೊಳಗೇ ಇತ್ತು. ಹಾಗೆ ಮಾಡಿ ಕೊಡುವುದೇ ಕಂಟೇನರ್. ಆಟೋಫ್ಯಾಕ್ ತರಹದ ಹೊರಗಿನ ಕಂಟೇನರನ್ನು ಬೇರೆ ಹಾಕಿಕೊಳ್ಳಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಹೆಚ್ಚಿನ ಕೆಲಸಕ್ಕೆ ಇದೇ ಸಾಕು. ಆದರೆ ಎರಡು ಸೆಟ್ಟಿಂಗ್ ಮಾತ್ರ ಮೊದಲ ದಿನವೇ ಬದಲಿಸಿ.

ಆಬ್ಜೆಕ್ಟ್‌ಗಳಿಗೆ ಇಲ್ಲಿ ಮೂರು ಬಗೆಯ ಆಯಸ್ಸು. ಟ್ರಾನ್ಸಿಯೆಂಟ್ ಅಂದ್ರೆ ಕೇಳಿದಾಗಲೆಲ್ಲ ಹೊಸದು. ಸ್ಕೋಪ್ಡ್ ಅಂದ್ರೆ ರಿಕ್ವೆಸ್ಟ್‌ಗೆ ಒಂದು. ಸಿಂಗಲ್‌ಟನ್ ಅಂದ್ರೆ ಆ್ಯಪ್ ನಿಲ್ಲುವವರೆಗೂ ಅದೇ. ನನಗೆ ಜಾಸ್ತಿ ಹಿಡಿಸಿದ್ದು ಸ್ಕೋಪ್ಡ್. ಒಬ್ಬ ರೈತರ ರಾಶಿ, ಬೆಟ್ಟೆ, ಗೊರಬಲು ಮೂರೂ ಒಂದೇ ಬಿಲ್ಲಿಗೆ ಬಂದವು ಅನ್ನಿ. ತೂಕ ಬರೆಯುವ ಸರ್ವಿಸ್, ಮುಂಗಡ ಕಳೆಯುವ ಸರ್ವಿಸ್, ಖಾತೆಗೆ ಏರಿಸುವ ಸರ್ವಿಸ್, ಎಲ್ಲಕ್ಕೂ ಸಿಗುವುದು ಒಂದೇ ಡಿಬಿಕಾಂಟೆಕ್ಸ್ಟ್ (ಡೇಟಾಬೇಸಿನ ಜೊತೆ ಮಾತಾಡುವ ಆಬ್ಜೆಕ್ಟ್). ಕೊನೆಗೆ ಒಂದು ಸಲ ಸೇವ್ ಮಾಡಿದರೆ ಎಲ್ಲವೂ ಒಟ್ಟಿಗೆ ದಾಖಲಾಗುತ್ತವೆ. ನಡುವೆ ಏನಾದರೂ ಕೆಟ್ಟರೆ ಯಾವುದೂ ದಾಖಲಾಗುವುದಿಲ್ಲ. ರಿಕ್ವೆಸ್ಟ್ ಮುಗಿದ ಕೂಡಲೇ ಕಂಟೇನರೇ ಆ ಡಿಬಿಕಾಂಟೆಕ್ಸ್ಟನ್ನು ಡಿಸ್ಪೋಸ್ ಮಾಡುತ್ತದೆ, ಅಂದ್ರೆ ಮುಚ್ಚಿ ಬಿಟ್ಟುಕೊಡುತ್ತದೆ. ಹಣದ ಲೆಕ್ಕಕ್ಕೆ ಇದಕ್ಕಿಂತ ನೆಮ್ಮದಿ ಬೇಕಾ?

ತೊಡಕಿರುವುದು ಧಾರಣೆ ತೋರಿಸುವ ಜಾಗದಲ್ಲಿ. ದಿನದ ಧಾರಣೆಯನ್ನು ತೀರ್ಥಹಳ್ಳಿ, ಸಾಗರದ ಬೆಳೆಗಾರರೆಲ್ಲ ಮೊಬೈಲಲ್ಲಿ ನೋಡುತ್ತಲೇ ಇರುತ್ತಾರೆ. ಹಾಗಾಗಿ ಆ ಸರ್ವಿಸನ್ನು ಸಿಂಗಲ್‌ಟನ್ ಮಾಡಬೇಕು ಅನಿಸುವುದು ಸಹಜ. ಅದು ಡಿಬಿಕಾಂಟೆಕ್ಸ್ಟನ್ನು ನೇರವಾಗಿ ಕೇಳಿದರೆ ಕೆಲಸ ಕೆಟ್ಟಿತು. ಒಂದು ರಿಕ್ವೆಸ್ಟಿಗೆ ಮುಗಿಯಬೇಕಾದ ಕಾಂಟೆಕ್ಸ್ಟ್ ಕೊನೆಯವರೆಗೂ ಸಿಕ್ಕಿಕೊಂಡು ಕೂರುತ್ತದೆ. ಒಮ್ಮೆ ಓದಿ ನೆನಪಿಟ್ಟುಕೊಂಡ (ಟ್ರ್ಯಾಕ್ ಮಾಡಿದ) ಸಾಲನ್ನು ಅದು ಮತ್ತೆ ಕ್ವೆರಿ ಮಾಡಿದರೂ ಹೊಸ ಬೆಲೆಯಿಂದ ತುಂಬುವುದಿಲ್ಲ, ಬೆಳಗಿನ ಧಾರಣೆಯನ್ನೇ ಸಂಜೆಗೂ ಕೊಡುತ್ತದೆ. ಇಬ್ಬರು ಒಟ್ಟಿಗೆ ಕೇಳಿದರೆ ಎರರ್ ಕೂಡ ಬರಬಹುದು, ಯಾಕಂದ್ರೆ ಅದು ಥ್ರೆಡ್ ಸೇಫ್ ಅಲ್ಲ, ಅಂದ್ರೆ ಒಂದೇ ಹೊತ್ತಿಗೆ ಹಲವು ಕಡೆಯಿಂದ ಬಳಸುವಂತಿಲ್ಲ.

ಡೆವಲಪ್‌ಮೆಂಟ್‌ನಲ್ಲಿ ಕಂಟೇನರ್ ಈ ತಪ್ಪನ್ನು ತಾನೇ ಹಿಡಿಯುತ್ತದೆ. ಪ್ರೊಡಕ್ಷನ್‌ನಲ್ಲಿ ಆ ತಪಾಸಣೆ ತಾನಾಗಿ ಆನ್ ಆಗಿರುವುದಿಲ್ಲ. ಮೊದಲು ಹೇಳಿದ ಸೆಟ್ಟಿಂಗ್‌ಗಳು ಇವೇ: ವ್ಯಾಲಿಡೇಟ್‌ಸ್ಕೋಪ್ಸ್, ವ್ಯಾಲಿಡೇಟ್‌ಆನ್‌ಬಿಲ್ಡ್. ಎರಡನ್ನೂ ಎಲ್ಲ ಕಡೆ ಟ್ರೂ ಮಾಡಿ. ಸ್ವಲ್ಪ ನಿಧಾನ ಆಗಬಹುದು, ಮಂಡಿ ಆ್ಯಪಿನಲ್ಲಿ ಗೊತ್ತೇ ಆಗುವುದಿಲ್ಲ. ಸಿಂಗಲ್‌ಟನ್‌ಗೆ ಡೇಟಾಬೇಸ್ ಬೇಕೇ ಬೇಕು ಅಂದ್ರೆ ಐಸರ್ವಿಸ್‌ಸ್ಕೋಪ್‌ಫ್ಯಾಕ್ಟರಿಯಿಂದ ಒಂದು ಸ್ಕೋಪ್ ತೆರೆದು, ಓದಿ, ಮುಚ್ಚಿಬಿಡಿ.

ಡಿಸ್ಪೋಸ್ ಮಾಡಬೇಕಾದ ಟ್ರಾನ್ಸಿಯೆಂಟನ್ನು ರೂಟ್ ಕಂಟೇನರಿನಿಂದ (ಯಾವ ಸ್ಕೋಪಿಗೂ ಸೇರದ, ಇಡೀ ಆ್ಯಪಿನ ಮೂಲ ಕಂಟೇನರಿನಿಂದ) ಪಡೆಯಲೇಬೇಡಿ. ಆ್ಯಪ್ ನಿಲ್ಲುವವರೆಗೂ ಆ ಕಂಟೇನರ್ ಅದನ್ನು ಬಿಡುವುದಿಲ್ಲ, ಮೆಮೊರಿ ಏರುತ್ತಲೇ ಹೋಗುತ್ತದೆ.

ಬಿಲ್ ಕಳಿಸಲು ಎಸ್ಎಂಎಸ್‌ಗೊಂದು, ಇಮೇಲ್‌ಗೊಂದು, ಹೀಗೆ ಒಂದೇ ಇಂಟರ್‌ಫೇಸಿಗೆ ಎರಡು ಕ್ಲಾಸ್ ಇಟ್ಟು ಹೆಸರು ಹಿಡಿದು ಕರೆಯುವ ಸೌಲಭ್ಯ 2023ರಲ್ಲಿ ಡಾಟ್‌ನೆಟ್ 8 ಜೊತೆ ಬಂತು. ಡೆಕೊರೇಟರ್‌ಗೆ (ಒಂದು ಸರ್ವಿಸಿನ ಮೇಲೆ ಇನ್ನೊಂದನ್ನು ಹೊದಿಸುವುದಕ್ಕೆ) ಮಾತ್ರ ನೇರ ಸೌಲಭ್ಯವಿಲ್ಲ, ಸ್ಕ್ರೂಟರ್ ತರಹದ ಲೈಬ್ರರಿ ಇದ್ದರೆ ಸುಲಭ. ಪ್ರೊಡಕ್ಷನ್‌ನಲ್ಲಿ ತಪಾಸಣೆ ತಾನಾಗಿ ಇಲ್ಲ ಅನ್ನುವುದಕ್ಕೆ ಅರ್ಧ ಸ್ಟಾರ್ ಕಳೆದು ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.