ಹವಳದ ಕಲ್ಲಿಗೆ ಕುದಿಯುವ ನೀರು ಸುರಿಯಬೇಡಿ

ಮನೆಯಲ್ಲಿ ಹವಳದ ಅಕ್ವೇರಿಯಂ ಇಟ್ಟುಕೊಂಡಿರುವವರು ಮೊದಲು ಇಷ್ಟನ್ನು ಓದಿಬಿಡಿ, ಉಳಿದದ್ದನ್ನು ಬಿಡುವಾದಾಗ ಓದಿಕೊಳ್ಳಿ. ತೊಟ್ಟಿಯ ಕಲ್ಲನ್ನು ಹೊರತೆಗೆದು ಕುದಿಯುವ ನೀರು ಹಾಕಬೇಡಿ. ಬ್ರಷ್ಷಿನಿಂದ ಉಜ್ಜಬೇಡಿ. ಮೈಕ್ರೋವೇವ್ ಒಳಗೆ ಇಡಬೇಡಿ. ಸಂಬಳ ಕೊಟ್ಟು ಕರೆಸಿದವರು ಮಾಡಲು ಹೊರಟರೂ ಬಿಡಬೇಡಿ. ಕಲ್ಲಿಗೆ ಅಂಟಿ ಬೆಳೆಯುವ ಕೆಲವು ಜೀವಿಗಳ ವಿಷ ಹಬೆಯೊಂದಿಗೆ ಎದ್ದು ಉಸಿರಿಗೆ ಸೇರುತ್ತದೆ. ನಮ್ಮ ಮನೆಯಲ್ಲಿ ಹಾಗೆ ಮಾಡಿದ್ದರಿಂದ ನಾನು, ನನ್ನ ಗಂಡ, ತುಮಕೂರಿನಿಂದ ಬಂದಿದ್ದ ಅತ್ತೆ ಮತ್ತು ಕಲ್ಲು ತೊಳೆದ ಹುಡುಗ, ನಾಲ್ವರೂ ಒಂದೇ ರಾತ್ರಿ ಆಸ್ಪತ್ರೆ ಸೇರಿದೆವು.

ನಾವಿರುವುದು ನ್ಯೂಜೆರ್ಸಿಯಲ್ಲಿ. ತೊಟ್ಟಿ ನನ್ನ ಗಂಡನ ಹುಚ್ಚು. ನೀರಿನ ಪರೀಕ್ಷೆ ಮಾಡಿ ಪುಸ್ತಕದಲ್ಲಿ ಬರೆದಿಡುವುದು ನನ್ನ ಪಾಲಿನ ಕೆಲಸ. ಇಬ್ಬರಿಗೂ ಕಚೇರಿಯ ಕೆಲಸ ಹೆಚ್ಚಾದಾಗ, ತಿಂಗಳ ಶುಲ್ಕ ಪಡೆದು ಅಕ್ವೇರಿಯಂ ನೋಡಿಕೊಳ್ಳುವ ಒಂದು ಸಂಸ್ಥೆಗೆ ಅದನ್ನು ಒಪ್ಪಿಸಿದೆವು. ಅವರು ಕಾಲಿಟ್ಟ ಮೇಲೆ ಹವಳಗಳ ಬಣ್ಣ ಹೋಗತೊಡಗಿತು. ನೇರಳೆ ತುದಿಯ ಅಕ್ರೊಪೋರಾ ಎಂಬ ಹವಳ ಬುಡದಿಂದ ಮೇಲಕ್ಕೆ ಕಂದಾಯಿತು. ಹಸಿರು ಮಾಂಟಿಪೋರಾ ಹವಳ ಮಂಕಾಯಿತು.

ಬಣ್ಣ ಹೋದದ್ದಕ್ಕೆ ಕಾರಣ ನನ್ನ ಪುಸ್ತಕದಲ್ಲೇ ಇತ್ತು. ಹವಳದ ಮೈಯೊಳಗೆ ಝೂಝಾಂಥೆಲ್ಲೆ ಎಂಬ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೆ ಉಣಿಸುವುದು ಅದೇ, ಅದರ ಸ್ವಂತ ಬಣ್ಣ ಕಂದು. ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಏರಿದರೆ ಈ ಪಾಚಿ ಒತ್ತಾಗಿ ಬೆಳೆದು, ಹವಳದ ನೇರಳೆ, ನೀಲಿ, ಗುಲಾಬಿ ಬಣ್ಣಗಳಿಗೆ ಕಾರಣವಾದ ಪ್ರೋಟೀನುಗಳನ್ನು ಮರೆಮಾಡುತ್ತದೆ. ನಮ್ಮ ತೊಟ್ಟಿಯಲ್ಲಿ ಲೀಟರಿಗೆ 0.05 ಮಿಲಿಗ್ರಾಂ ಆಸುಪಾಸಿನಲ್ಲಿದ್ದ ಫಾಸ್ಫೇಟ್ 0.3 ದಾಟಿತ್ತು. ಸಂಸ್ಥೆಯ ಹುಡುಗ ಬಂದಾಗಲೆಲ್ಲ ಹವಳಕ್ಕೆ ಬಣ್ಣ ಬರಲೆಂದು ಒಂದು ಬಾಟಲಿಯ ದ್ರವಾಹಾರವನ್ನು ಧಾರಾಳವಾಗಿ ಸುರಿದು ಹೋಗುತ್ತಿದ್ದ. ಬಾಟಲಿಯ ಮೇಲಿನ ಚಿತ್ರದಲ್ಲಿ ಹವಳ ಕಾಮನಬಿಲ್ಲಿನ ಬಣ್ಣದಲ್ಲಿತ್ತು, ತೊಟ್ಟಿಯಲ್ಲಿ ಕೊಳೆ ಬಣ್ಣದಲ್ಲಿತ್ತು. ನಾನು ಅಂಕಿಗಳನ್ನು ತೋರಿಸಿದರೆ, ಕಲ್ಲಿನಲ್ಲಿ ಕೊಳೆ ಕೂತಿದೆ, ತೊಳೆದರೆ ಸರಿಹೋಗುತ್ತದೆ ಎಂಬ ಉತ್ತರ ಬಂತು.

ಕಲ್ಲಿನ ಮೇಲಿದ್ದದ್ದು ಬರೀ ಕೊಳೆಯಲ್ಲ. ಯಾವುದೋ ಹವಳದ ತುಂಡಿನ ಬುಡಕ್ಕೆ ಅಂಟಿಕೊಂಡು ಪುಕ್ಕಟೆಯಾಗಿ ಬಂದಿದ್ದ ಪಾಲಿಥೋವಾ ಎಂಬ ಜೀವಿ, ಫಾಸ್ಫೇಟಿನ ಹಬ್ಬದಲ್ಲಿ ಇಡೀ ಕಲ್ಲನ್ನು ಆವರಿಸಿತ್ತು. ಹತ್ತಿರದಿಂದ ನೋಡಿದರೆ ಬೆರಳ ತುದಿಯಷ್ಟಗಲದ ಕಂದು ಬಿಲ್ಲೆಗಳು, ಅಂಚಿನಲ್ಲಿ ಗಿಡ್ಡನೆಯ ಕುಚ್ಚು, ನಡುವೆ ಸೀಳಿದಂತಿರುವ ಬಾಯಿ. ಮುಟ್ಟಿದರೆ ಮುದುಡಿ ರಬ್ಬರಿನ ಗುಬುಟಿಯಾಗುತ್ತದೆ. ಹಿಚುಕಿದರೆ ಪಿಚಕ್ಕನೆ ನೀರು ಚಿಮ್ಮುತ್ತದೆ. ಮೈಯಲ್ಲಿ ಮರಳಿನ ಕಣಗಳನ್ನು ಸೇರಿಸಿಕೊಂಡಿರುವುದರಿಂದ ಉಗುರಿಗೆ ತರಿತರಿಯಾಗಿ ಸಿಗುತ್ತದೆ. ಇದು ಝೋವಾಂಥಿಡ್ ಗುಂಪಿಗೆ ಸೇರಿದ್ದು. ಅಂಗಡಿಯವರು ಬಟನ್ ಪಾಲಿಪ್ ಎನ್ನುತ್ತಾರೆ, ಹೊಸಬರಿಗೆ ಸುಲಭದ ಹವಳ ಎಂದು ಮಾರುತ್ತಾರೆ. ಸುಲಭವೇನೋ ಹೌದು, ಸಾಯುವುದೇ ಇಲ್ಲ.

ಅದು ಜನವರಿ. ಹೊರಗೆ ಹಿಮ, ಕಿಟಕಿಗಳೆಲ್ಲ ಭದ್ರ, ಹೀಟರ್ ಮನೆಯೊಳಗಿನ ಗಾಳಿಯನ್ನೇ ಕೊಳವೆಗಳಲ್ಲಿ ಎಳೆದು ಎಲ್ಲ ಕೋಣೆಗಳಿಗೂ ಮತ್ತೆ ತಳ್ಳುತ್ತಿತ್ತು. ಹುಡುಗ ಕಲ್ಲನ್ನು ಬಟ್ಟೆ ಒಗೆಯುವ ಕೋಣೆಯ ಸಿಂಕಿಗೆ ಒಯ್ದು, ಕೆಟಲಿನಿಂದ ಕುದಿಯುವ ನೀರು ಸುರಿದ. ಬಿಲ್ಲೆಯಂಥ ಆ ಪಾಲಿಪ್‌ಗಳು ಸುರುಟಿಕೊಂಡವು. ಮತ್ತೆ ಸುರಿದು ತಂತಿಯ ಬ್ರಷ್ಷಿನಿಂದ ಉಜ್ಜಿದ. ಕೊಳೆತ ಸೀಗಡಿಯ ವಾಸನೆ ಮನೆಯೆಲ್ಲ ಹರಡಿತು. ಏನು ಬೇಯಿಸುತ್ತಿದ್ದೀರಿ ಎಂದು ಅತ್ತೆ ಮೂಗು ಮುಚ್ಚಿಕೊಂಡೇ ಬಂದು ಇಣುಕಿದರು.

ಸಂಜೆಯ ಹೊತ್ತಿಗೆ ನನ್ನ ಬಾಯಲ್ಲಿ ತಾಮ್ರದ ಕಾಸು ಚಪ್ಪರಿಸಿದಂಥ ರುಚಿ. ನೀರು ಕುಡಿದರೂ ಹೋಗಲಿಲ್ಲ, ಉಪ್ಪಿನಕಾಯಿ ನೆಕ್ಕಿದರೂ ಹೋಗಲಿಲ್ಲ. ಆಮೇಲೆ ಹಲ್ಲು ಕಡಿಯುವಂಥ ಚಳಿ, ಜ್ವರ, ಒಣ ಕೆಮ್ಮು. ತೊಡೆಯ ಮಾಂಸಖಂಡಗಳಲ್ಲಿ ಮೆಟ್ಟಿಲು ಹತ್ತಲಾಗದಷ್ಟು ನೋವು. ಅತ್ತೆಗೆ ಮೊದಲೇ ಉಬ್ಬಸ, ಅವರು ಒಂದು ವಾಕ್ಯ ಮುಗಿಸುವಷ್ಟರಲ್ಲಿ ಏದುಸಿರು ಬಿಡುತ್ತಿದ್ದರು. ಹುಡುಗನಿಗೆ ಕಣ್ಣು ತೆರೆಯಲಾಗದ ಉರಿ ಎಂದು ಅವನ ಮನೆಯಿಂದ ಕರೆ ಬಂದಾಗಲೇ ನಮಗೆ ಸಿಂಕಿನ ನೆನಪಾದದ್ದು.

ತುರ್ತು ಚಿಕಿತ್ಸಾ ವಿಭಾಗದಲ್ಲಿ ಫ್ಲೂ ಪರೀಕ್ಷೆ, ಕೋವಿಡ್ ಪರೀಕ್ಷೆ, ಎದೆಯ ಎಕ್ಸ್‌ರೇ ಎಲ್ಲ ಆಯಿತು. ಅಕ್ವೇರಿಯಂ ಎಂದರೆ ಯುವ ವೈದ್ಯರ ಮುಖದಲ್ಲಿ ಅನುಮಾನ. ಅವರನ್ನು ದೂರುವುದಿಲ್ಲ, ಇಂಥದ್ದನ್ನು ಎಷ್ಟು ಜನ ನೋಡಿರುತ್ತಾರೆ? ನನ್ನ ಗಂಡ ವಿಷ ಮಾಹಿತಿ ಕೇಂದ್ರದ 1-800-222-1222 ಸಂಖ್ಯೆಗೆ ಕರೆ ಮಾಡಿ, ಫೋನನ್ನು ವೈದ್ಯರ ಕೈಗೇ ಕೊಟ್ಟ. ಆ ತುದಿಯಲ್ಲಿದ್ದವರು ಪಾಲಿಥೋವಾದಲ್ಲಿರುವ ವಿಷಕ್ಕೆ ಪಾಲಿಟಾಕ್ಸಿನ್ ಎಂಬ ಹೆಸರು ಹೇಳಿದ ಮೇಲೆ ಎಲ್ಲವೂ ಚುರುಕಾಯಿತು. ಇದಕ್ಕೆ ಪ್ರತಿವಿಷವಿಲ್ಲ. ಆಮ್ಲಜನಕ, ನೆಬ್ಯುಲೈಸರ್, ಸ್ಟೆರಾಯ್ಡ್, ಸಲೈನ್ ಕೊಟ್ಟು ಕಾಯಬೇಕು. ಸ್ನಾಯು ಕರಗುತ್ತಿದೆಯೇ ಎಂದು ತಿಳಿಯಲು ರಕ್ತದಲ್ಲಿ ಸಿಕೆ ಎಂಬ ಕಿಣ್ವದ ಮಟ್ಟವನ್ನು ಮತ್ತೆ ಮತ್ತೆ ನೋಡಬೇಕು. ನಾವು ಬೇಗ ಮನೆಗೆ ಬಂದೆವು. ಅತ್ತೆಯನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಅವರ ಪ್ರವಾಸಿ ವಿಮೆ ಹಳೆಯ ಉಬ್ಬಸದ ನೆಪ ಹೇಳಿ ಬಿಲ್ಲಿನ ದೊಡ್ಡ ಪಾಲನ್ನು ನಮ್ಮ ತಲೆಗೇ ಕಟ್ಟಿತು. ಊರಿಂದ ಹಿರಿಯರನ್ನು ಕರೆಸಿಕೊಳ್ಳುವವರು ವಿಮೆಯ ಸಣ್ಣ ಅಕ್ಷರಗಳನ್ನೂ ಓದಿಕೊಳ್ಳಿ ಎಂಬುದು ಬೇರೆಯದೇ ಎಚ್ಚರಿಕೆ.

ಪಾಲಿಟಾಕ್ಸಿನ್ ಹೊಸದೇನಲ್ಲ. ಹವಾಯಿಯ ಮಾವಿ ದ್ವೀಪದಲ್ಲಿ ಹಾನಾ ಎಂಬಲ್ಲಿನ ಕಡಲ ಹೊಂಡದಲ್ಲಿ ಬೆಳೆಯುತ್ತಿದ್ದ ಪಾಲಿಥೋವಾವನ್ನು ಅಲ್ಲಿನವರು ಈಟಿಯ ಮೊನೆಗೆ ಸವರುತ್ತಿದ್ದರಂತೆ. ವಿಜ್ಞಾನಿಗಳು ಅದನ್ನು ಹುಡುಕಿ ಸಂಗ್ರಹಿಸಿದ್ದು 1961ರಲ್ಲಿ, ವಿಷವನ್ನು ಬೇರ್ಪಡಿಸಿ ಪ್ರಕಟಿಸಿದ್ದು 1971ರಲ್ಲಿ. ನಮ್ಮ ಪ್ರತಿ ಜೀವಕೋಶದ ಪೊರೆಯಲ್ಲೂ ಸೋಡಿಯಂ ಹೊರಹಾಕಿ ಪೊಟ್ಯಾಸಿಯಂ ಒಳಗೆಳೆಯುವ ಪಂಪ್ ಇದೆ. ಈ ವಿಷ ಆ ಪಂಪನ್ನು ಮುಚ್ಚಲಾಗದ ತೂತಾಗಿ ಮಾಡುತ್ತದೆ. ಸ್ನಾಯು, ಹೃದಯ, ಶ್ವಾಸಕೋಶ ಎಲ್ಲಕ್ಕೂ ಪೆಟ್ಟು ಬೀಳುವುದು ಅದಕ್ಕೇ. ಕುದಿಸಿದರೆ ಪಾಲಿಪ್ ಸಾಯುತ್ತದೆ, ವಿಷ ಸಾಯುವುದಿಲ್ಲ. ಹಬೆಯೊಂದಿಗೆ ಏಳುವ ಸಣ್ಣ ಹನಿಗಳಲ್ಲಿ ಸೇರಿ ಉಸಿರಿನ ದಾರಿ ಹಿಡಿಯುತ್ತದೆ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಸ್ಟೀವೆಂಟನ್ ಹಳ್ಳಿಯಲ್ಲಿ ಮನೆಯ ತೊಟ್ಟಿ ಶುಚಿ ಮಾಡುವಾಗ ಒಂದೇ ಕುಟುಂಬದ ಆರು ಜನರು, ಅವರ ನೆರವಿಗೆ ಹೋದ ಅಗ್ನಿಶಾಮಕ ಸಿಬ್ಬಂದಿ ನಾಲ್ವರು ಆಸ್ಪತ್ರೆಗೆ ಹೋಗಬೇಕಾಯಿತು.

ಎಲ್ಲ ಝೋವಾಂಥಿಡ್‌ಗಳಲ್ಲೂ ಈ ವಿಷ ಇರುವುದಿಲ್ಲ. ಆದರೆ ಯಾವುದರಲ್ಲಿದೆ ಎಂದು ಕಣ್ಣಳತೆಯಲ್ಲಿ ಹೇಳಲಾಗದು. ವಾಷಿಂಗ್ಟನ್ ಸುತ್ತಲಿನ ಅಕ್ವೇರಿಯಂ ಅಂಗಡಿಗಳಲ್ಲಿ ಕೊಂಡ ಮಾದರಿಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಪೂರಾ ನಿರಪಾಯವಾಗಿದ್ದರೆ, ಕೆಲವು ಪಾಲಿಥೋವಾಗಳ ಪ್ರತಿ ಗ್ರಾಮಿನಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ವಿಷವಿತ್ತು. ಆದ್ದರಿಂದ ಎಲ್ಲದರಲ್ಲೂ ಇದೆ ಎಂದುಕೊಂಡೇ ಕೈ ಹಾಕಿ. ಕೈ ಹಾಕುವ ಮುನ್ನ ನೈಟ್ರೈಲ್ ಕೈಗವಸು, ಕಣ್ಣಿಗೆ ಬದಿ ಮುಚ್ಚುವ ಕನ್ನಡಕ. ಬೆರಳಲ್ಲಿ ಗಾಯವಿದ್ದರೆ ಆ ದಿನ ತೊಟ್ಟಿಯ ಸುದ್ದಿ ಬೇಡ. ಕಲ್ಲು ಬೇಡವಾದರೆ ಉಜ್ಜದೆ, ಕೆರೆಯದೆ, ನೀರಿನೊಳಗೇ ಮುಚ್ಚಳದ ಡಬ್ಬಿಗೆ ಸೇರಿಸಿ ಹೊರಗೆ ಒಯ್ಯಿರಿ. ಬಯಲಿನಲ್ಲಿ ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಸೇರಿಸಿ ಕಲ್ಲನ್ನು ಮುಳುಗಿಸಿಡಿ. ಈ ವಿಷವನ್ನು ಕೆಡಿಸುವುದು ಕ್ಲೋರಿನ್, ಶಾಖವಲ್ಲ. ಆ ಬ್ಲೀಚಿಗೆ ವಿನೆಗರ್ ಅಥವಾ ಬೇರೆ ಆಮ್ಲ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಹಾಗೆ ಮಾಡಬೇಡಿ. ಬಟ್ಟೆಯ ಮಾಸ್ಕ್ ಹಾಕಿಕೊಂಡು ಧೈರ್ಯ ತಂದುಕೊಳ್ಳಬೇಡಿ. ಬಾಯಲ್ಲಿ ಲೋಹದ ರುಚಿ ಬಂದರೆ ಬೆಳಗಾಗಲಿ ಎಂದು ಕಾಯದೆ ಮನೆಯಿಂದ ಎಲ್ಲರೂ ಹೊರಬಂದು ಆಸ್ಪತ್ರೆಗೆ ಹೊರಡಿ, ಹವಳದ ವಿಷಯವನ್ನು ಮೊದಲ ಮಾತಿನಲ್ಲೇ ಹೇಳಿ. ಭಾರತದಲ್ಲಿ ವೈದ್ಯರು ಸಲಹೆ ಕೇಳಬಹುದಾದ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ದೆಹಲಿಯ ಏಮ್ಸ್‌ನಲ್ಲಿದೆ.

ಬೆಂಗಳೂರಿನಲ್ಲಿ ಇರುವವರಿಗೆ ಇನ್ನೊಂದು ಮಾತು. ಅಕ್ರೊಪೋರಾದಂಥ ಗಟ್ಟಿ ಹವಳಗಳನ್ನು ಅಲ್ಲಿ ಕೊಳ್ಳುವುದಕ್ಕೇ ಹೋಗಬೇಡಿ. ಕಡಲಲ್ಲಿ ದಿಬ್ಬ ಕಟ್ಟುವ ಇಂಥ ಹವಳಗಳು 2001ರಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಎಂದರೆ ಹುಲಿಯ ಸಾಲಿನಲ್ಲಿ. ಬಿಲ್ಲು ಕೊಡುತ್ತೇನೆ ಎಂಬ ಅಂಗಡಿಯವನ ಮಾತು ಅರಣ್ಯ ಇಲಾಖೆಯ ಮುಂದೆ ನಿಲ್ಲುವುದಿಲ್ಲ.

ನಮ್ಮ ತೊಟ್ಟಿಯ ಬಣ್ಣ ಮರಳಿದ್ದು ಯಾವ ಬಾಟಲಿಯಿಂದಲೂ ಅಲ್ಲ. ಆಹಾರ ಕಡಿಮೆ ಮಾಡಿದೆವು, ಆರ್‌ಒ ನೀರಿನಲ್ಲಿ ಉಪ್ಪು ಕಲಸಿ ವಾರವಾರ ಸ್ವಲ್ಪಸ್ವಲ್ಪ ನೀರು ಬದಲಿಸಿದೆವು, ಫಾಸ್ಫೇಟನ್ನು ನಿಧಾನವಾಗಿ ಇಳಿಸಿದೆವು. ಒಮ್ಮೆಲೇ ಸೊನ್ನೆಗೆ ಇಳಿಸಿದರೆ ಹವಳ ಹಸಿವಿನಿಂದ ಬಿಳಿಚಿಕೊಳ್ಳುತ್ತದೆ. ಕ್ಷಾರತೆ 8ರಿಂದ 9 ಡಿಕೆಎಚ್ (ಕ್ಷಾರತೆ ಅಳೆಯುವ ಮಾನ), ಕ್ಯಾಲ್ಸಿಯಂ ಲೀಟರಿಗೆ 420 ಮಿಲಿಗ್ರಾಂ, ಶಾಖ 25ರಿಂದ 26 ಡಿಗ್ರಿ, ಇವು ಏರಿಳಿಯದಂತೆ ನೋಡಿಕೊಂಡದ್ದು ಬಿಟ್ಟರೆ ಬೇರೆ ಉಪಾಯವೇನೂ ಇಲ್ಲ. ನೇರಳೆ ಮೊದಲು ಕೊಂಬೆಗಳ ತುದಿಗೆ ಬಂತು, ಬುಡಕ್ಕೆ ಬರಲು ಚಳಿಗಾಲ ಕಳೆದು ಬೇಸಿಗೆ ಬರಬೇಕಾಯಿತು.

ಸಂಸ್ಥೆಯ ಹುಡುಗನ ಕಣ್ಣು ಉಳಿಯಿತು, ಅವನು ಆ ಕೆಲಸ ಬಿಟ್ಟ. ಪಾಲಿಟಾಕ್ಸಿನ್ ಎಂಬ ಹೆಸರನ್ನೇ ತನಗೆ ಯಾರೂ ಹೇಳಿರಲಿಲ್ಲ ಎಂದು ನಮ್ಮ ಮುಂದೆ ಅತ್ತ. ಸಂಸ್ಥೆಯವರು ಆ ತಿಂಗಳ ಶುಲ್ಕ ಮರಳಿಸಿ, ಇದು ಅಪರೂಪದ ಅಲರ್ಜಿ ಎಂದು ಪತ್ರ ಬರೆದರು. ನಾಲ್ವರಿಗೆ ಒಂದೇ ಸಂಜೆ ಬಂದ ಅಲರ್ಜಿ! ಅವರ ಸೇವೆಗಳ ಪಟ್ಟಿಯಲ್ಲಿ ಕಲ್ಲಿನ ಬಿಸಿನೀರಿನ ಶುಚಿ ಈಗಲೂ ಇದೆ, ದರವೂ ಏರಿದೆ.