ಹಾಸನದ ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ ಊರ ಹೆಸರುಗಳ ನಿಘಂಟು

ಬಿ.ಎಂ. ರಸ್ತೆಯ ಪಕ್ಕದ ಗಲ್ಲಿಯಲ್ಲಿರುವ ಈ ಹಳೇ ಪುಸ್ತಕದಂಗಡಿಗೆ ಓದುವ ಹುಚ್ಚಿರುವವರು ಹೋಗಲೇಬೇಕು. ಇಂಗ್ಲೆಂಡಿನ ಊರ ಹೆಸರುಗಳ ನಿಘಂಟು ನನಗೆ ಸಿಕ್ಕಿದ್ದು ಅಲ್ಲೇ, 150 ರೂಪಾಯಿಗೆ. ಬೆನ್ನಿಗೆ ಕಂದು ಟೇಪ್ ಅಂಟಿಸಿದ್ದಾರೆ, ಆದರೆ ಒಳಗೆ ಒಂದು ಹಾಳೆಯೂ ಹೋಗಿಲ್ಲ.

ಮೊದಲು ಕೇಂಬ್ರಿಡ್ಜ್ ತೆಗೆದೆ. ಕ್ಯಾಮ್ ನದಿಗೆ ಸೇತುವೆ ಇತ್ತು, ಅದಕ್ಕೇ ಆ ಹೆಸರು ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ನಡೆದದ್ದು ಪೂರ್ತಿ ಉಲ್ಟಾ. ನದಿಯ ಹಳೇ ಹೆಸರು ಗ್ರಾಂಟ. ಊರು ಗ್ರಾಂಟದ ಸೇತುವೆ. 1086ರ ಡೂಮ್ಸ್‌ಡೇ ದಾಖಲೆಯಲ್ಲಿ (ಇಂಗ್ಲೆಂಡಿನ ರಾಜ ಮಾಡಿಸಿದ ಊರು-ಜಮೀನುಗಳ ಲೆಕ್ಕ) ಗ್ರೆಂಟೆಬ್ರಿಜ್ ಅಂತಲೇ ಇದೆ. ಫ್ರಾನ್ಸ್ ಕಡೆಯಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರ ಬಾಯಿಗೆ ಸಿಕ್ಕಿ ಗ್ರ ಹೋಗಿ ಕ ಬಂತು, ಆಮೇಲೆ ಸವೆದು ಸವೆದು ಕೇಂಬ್ರಿಡ್ಜ್ ಆಯಿತು, ಕೊನೆಗೆ ಆ ಊರ ಹೆಸರಿನಿಂದಲೇ ನದಿಗೆ ಕ್ಯಾಮ್ ಅನ್ನೋ ಹೆಸರು ಬಿತ್ತು! ಮೇಲ್ಭಾಗದ ಹೊಳೆಗೆ ಇವತ್ತಿಗೂ ಗ್ರಾಂಟ ಅಂತಾರೆ.

ಮ್ಯಾಂಚೆಸ್ಟರ್‌ನ ಚೆಸ್ಟರ್ ಅಂದರೆ ರೋಮನ್ನರ ಕೋಟೆ ಇದ್ದ ಜಾಗ. ಡರ್ಬಿ, ವಿಟ್ಬಿಯ ಕೊನೆಯ ಬಿ ಡೆನ್ಮಾರ್ಕ್, ನಾರ್ವೆ ಕಡೆಯಿಂದ ಬಂದ ವೈಕಿಂಗರು ತಂದದ್ದು, ಹಳ್ಳಿ ಅಂತ ಅರ್ಥ. ಅರಸೀಕೆರೆ ಅಂದ ಕೂಡಲೇ ನಮಗೆ ಕೆರೆ ಕಾಣುವ ಹಾಗೇ ಇದು.

ಅಕ್ಷರ ಮಾತ್ರ ತುಂಬಾ ಸಣ್ಣದು, ಹೆಸರನ್ನು ಹೇಗೆ ಉಚ್ಚರಿಸಬೇಕು ಅನ್ನೋದೂ ಇಲ್ಲ. ಅಂಗಡಿಯಲ್ಲಿ ಇಂಗ್ಲಿಷ್ ಪುಸ್ತಕಗಳನ್ನು ವಿಷಯ ನೋಡಿ ಜೋಡಿಸಿಲ್ಲ, ಹುಡುಕಲು ಟೈಮ್ ಜಾಸ್ತಿ ಬೇಕು. ಯಜಮಾನರು ಒಳ್ಳೆಯವರು, ಎಷ್ಟು ಹೊತ್ತು ನಿಂತು ಓದಿದರೂ ಏನೂ ಅನ್ನುವುದಿಲ್ಲ. ಭಾನುವಾರ ರಜೆ.