64ನೇ ವಯಸ್ಸಿಗೆ ಲೇಡೀಸ್ ಸೈಕಲ್, ಐದು ತಿಂಗಳು ಓಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನಾನು ಗಂಡಸು, ಬ್ಯಾಂಕಿನಿಂದ ರಿಟೈರ್ ಆಗಿ ನಾಲ್ಕು ವರ್ಷ ಆಯಿತು, ತಗೊಂಡಿದ್ದು 26 ಇಂಚಿನ ಲೇಡೀಸ್ ಸೈಕಲ್. ಗೇರ್ ಇಲ್ಲ. ಬಣ್ಣ ನೇರಳೆ, ಚೈನ್ ಕವರ್ ಮೇಲೆ ಎರಡು ಚಿಟ್ಟೆ. ವಿಜಯಪುರದ ಒಂದು ಅಂಗಡಿಯಲ್ಲಿ ಬುಟ್ಟಿ, ಸ್ಟ್ಯಾಂಡ್, ಕ್ಯಾರಿಯರ್ ಎಲ್ಲ ಸೇರಿ 6,900 ರೂಪಾಯಿ ಕೊಟ್ಟೆ.

ಅಂಗಡಿ ಹುಡುಗ ಪಾಪ, "ಮೊಮ್ಮಗಳು ಎಷ್ಟು ಎತ್ತರ ಅದಾಳ್ರಿ ಸರ?" ಅಂತ ಕೇಳಿದ. ನನಗೇ ಬೇಕಪ್ಪ ಅಂದೆ. ಸ್ವಲ್ಪ ಹೊತ್ತು ಮುಖ ನೋಡಿದ. ಆಮೇಲೆ ಹಿಂದಿನ ಸಾಲಿನಿಂದ ಕರಿ ಬಣ್ಣದ ದೊಡ್ಡ ಸೈಕಲ್ ಎಳೆದು ತಂದ. ನಮ್ಮಪ್ಪ ಓಡಿಸುತ್ತಿದ್ದ ಥರದ್ದೇ, ನಡುವೆ ಅಡ್ಡ ಪೈಪು. "ಇದನ್ನ ಒಯ್ರಿ, ನಿಮಗ ಇದ ಒಪ್ತದ."

ನನಗೆ ತೊಂದರೆ ಇರುವುದೇ ಆ ಅಡ್ಡ ಪೈಪಿನದು. ಈ ವಯಸ್ಸಿನಲ್ಲಿ ಪೆಡಲ್ ತುಳಿಯುವುದು ಕಷ್ಟ ಅಲ್ಲ, ಹತ್ತುವುದು ಇಳಿಯುವುದು ಕಷ್ಟ. ಮೂರು ವರ್ಷದ ಹಿಂದೆ ಹಳೆ ಸೈಕಲ್ಲಿನಿಂದ ಇಳಿಯುವಾಗ ಕಾಲು ಸೀಟಿಗೆ ತಾಗಿ ಗಾಂಧಿ ಚೌಕದ ಹತ್ತಿರ ನಡುರಸ್ತೆಯಲ್ಲೇ ಬಿದ್ದಿದ್ದೆ. ಮೊಣಕೈ ತರಚಿತು ಅಷ್ಟೇ, ಆದರೆ ಅವತ್ತೇ ಸೈಕಲ್ ಗುಜರಿಗೆ ಹೋಯಿತು.

ಮತ್ತೆ ಸೈಕಲ್ ಆಸೆ ಹುಟ್ಟಿದ್ದು ಕಳೆದ ವರ್ಷ, ಮೂರು ತಿಂಗಳು ಮಗಳ ಮನೆಯಲ್ಲಿ ಇದ್ದಾಗ. ಅವಳು ಇರುವುದು ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ. ಆ ಊರಿನವರಿಗೆ ಸೈಕಲ್ ಅಂದರೆ ಪ್ರಾಣ. ರೈಲ್ವೆ ಸ್ಟೇಷನ್ ಮುಂದೆ ನೆಲದ ಕೆಳಗೆ 3,300 ಸೈಕಲ್ ನಿಲ್ಲಿಸುವ ಜಾಗ ಇದೆ, 1999 ರಿಂದ. ಅಲ್ಲಿ ಹಳೆ ಊರಿನ ಕೋಟೆ ಕೆಡವಿದ ಜಾಗದಲ್ಲಿ ಸುಮಾರು ನಾಲ್ಕೂವರೆ ಕಿಲೋಮೀಟರ್ ಉದ್ದದ ಒಂದು ಸುತ್ತುದಾರಿ ಮಾಡಿದ್ದಾರೆ. ಎರಡೂ ಕಡೆ ಮರ, ಕಾರಿಗೆ ಪ್ರವೇಶ ಇಲ್ಲ.

ಆದರೆ ನಾನು ಜಾಸ್ತಿ ನೋಡಿದ್ದು ಮಗಳ ಮನೆ ಕೆಳಗಿನ ಅಜ್ಜಿಯನ್ನು. 80 ದಾಟಿದೆ. ದಿನಾ ಬೆಳಿಗ್ಗೆ ಬ್ರೆಡ್ ತರಲು ಸೈಕಲ್ ಮೇಲೆ ಹೋಗುತ್ತಿದ್ದರು, ನಾನು ಚಹಾ ಹಿಡಿದು ಕಿಟಕಿಯಲ್ಲಿ ನಿಂತಿರುತ್ತಿದ್ದೆ. ವಾಪಸ್ ಬಂದು ಬ್ರೇಕ್ ಹಿಡಿದು ಎರಡೂ ಕಾಲು ನೆಲಕ್ಕೆ ಊರುತ್ತಾರೆ, ಒಂದು ಕ್ಷಣ ಹಾಗೇ ನಿಂತು ಉಸಿರು ತಗೊಳ್ಳುತ್ತಾರೆ, ಆಮೇಲೆ ಹೊಸ್ತಿಲು ದಾಟಿದ ಹಾಗೆ ಒಂದು ಕಾಲನ್ನು ಈ ಕಡೆ ಇಡುತ್ತಾರೆ. ಅಷ್ಟೇ. ಕಾಲು ಹಿಂದಕ್ಕೆ ಎಸೆಯುವುದೇ ಇಲ್ಲ, ಯಾಕಂದರೆ ಪೈಪು ಪಾದದಿಂದ ಒಂದು ಗೇಣು ಮೇಲೆ ಇದೆ ಅಷ್ಟೆ. ಅಲ್ಲಿ ಅರವತ್ತು ದಾಟಿದ ಗಂಡಸರೂ ಇಂಥದ್ದನ್ನೇ ಓಡಿಸುತ್ತಾರೆ, ಯಾರೂ ತಿರುಗಿ ನೋಡಲ್ಲ.

ಸೈಕಲ್ ಆಗದವರು ರೋಲಾಟರ್ ಹಿಡಿದು ನಡೆಯುತ್ತಾರೆ. ನಾಲ್ಕು ಗಾಲಿಯ ತಳ್ಳುಗಾಡಿ ಥರ ಇರುತ್ತದೆ, ಬ್ರೇಕ್ ಇದೆ, ಬುಟ್ಟಿ ಇದೆ, ದಣಿದರೆ ಅದರ ಮೇಲೇ ಕೂತುಬಿಡಬಹುದು. ಭಾನುವಾರ ಅಂಗಡಿ ಹೆಚ್ಚುಕಡಿಮೆ ಎಲ್ಲ ಬಂದ್, ಹಾಗಾಗಿ ಊಟ ಆದ ಮೇಲೆ ಊರಿಗೆ ಊರೇ ನಡೆಯಲು ಹೊರಡುತ್ತದೆ. ಎಲ್ಲಾ ಚೆಂದ ಅಂತಲ್ಲ. ಆ ದೇಶದಲ್ಲಿ ಸೈಕಲ್ ಅಪಘಾತದಲ್ಲಿ ಸಾಯುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ 65 ದಾಟಿದವರು. ಹೆಲ್ಮೆಟ್ ಕಡ್ಡಾಯ ಅಲ್ಲ ಅಂತ ಕೇಳಿ ಆಶ್ಚರ್ಯ ಆಯಿತು. ನಾನು ಹಾಕುತ್ತೇನೆ, ಯಾರು ನಕ್ಕರೂ ಸರಿ.

ಈಗ ಸೈಕಲ್ ವಿಷಯ. ಹತ್ತಿ ಇಳಿಯುವುದಕ್ಕೆ ಪೂರ್ತಿ ಮಾರ್ಕು. ಪೈಪು ಅಜ್ಜಿಯದಷ್ಟು ಕೆಳಗಿಲ್ಲ, ಆದರೂ ಸಾಕು. ಸೀಟನ್ನು ಎರಡೂ ಕಾಲು ನೆಲಕ್ಕೆ ತಾಗುವಷ್ಟು ಇಳಿಸಿಕೊಂಡೆ, ತುಳಿಯಲು ಸ್ವಲ್ಪ ಭಾರ ಆಗುತ್ತದೆ ನಿಜ, ಬೀಳುವುದಕ್ಕಿಂತ ವಾಸಿ. ಚೈನ್ ಪೂರ್ತಿ ಮುಚ್ಚಿದೆ, ಪ್ಯಾಂಟಿಗೆ ಎಣ್ಣೆ ಹತ್ತಲ್ಲ. ಮನೆಯಿಂದ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಕೆಟ್‌ಗೆ ಹೋಗಿ ಕಾಯಿಪಲ್ಲೆ ತರುತ್ತೇನೆ, ಸಿದ್ಧೇಶ್ವರ ಗುಡಿಗೆ ಹೋಗುತ್ತೇನೆ. ನಮ್ಮ ಊರು ಹೆಚ್ಚುಕಡಿಮೆ ಸಪಾಟು, ಗೇರ್ ಇಲ್ಲದಿದ್ದರೂ ನಡೆಯುತ್ತದೆ. ಮೇ ತಿಂಗಳಲ್ಲಿ ಮಾತ್ರ ಒಂಬತ್ತು ಗಂಟೆ ಮೇಲೆ ಹೊರಗೆ ತೆಗೆಯಬೇಡಿ, ಸೀಟು ಕಾದ ಹಂಚು.

ಆ ಸೀಟಿನದೇ ದೊಡ್ಡ ತಕರಾರು. ಕಲ್ಲು. ಎರಡನೇ ವಾರಕ್ಕೇ ಬದಲಿಸಿದೆ, ಸ್ಪ್ರಿಂಗ್ ಇರುವ ಅಗಲ ಸೀಟಿಗೆ 450 ಹೋಯಿತು. ಬುಟ್ಟಿಯಲ್ಲಿ ಐದು ಕಿಲೋ ಜೋಳದ ಹಿಟ್ಟು ಇಟ್ಟ ದಿನವೇ ಅದು ಮುಂದಕ್ಕೆ ಬಾಗಿ ಮಡ್‌ಗಾರ್ಡ್‌ಗೆ ಉಜ್ಜಲು ಶುರು ಮಾಡಿತು, ಈಗ ತಂತಿ ಬಿಗಿದಿದ್ದೇನೆ. ಲೈಟು ಇಲ್ಲವೇ ಇಲ್ಲ. ಜರ್ಮನಿಯಲ್ಲಿ ಮುಂದೆ ಹಿಂದೆ ಲೈಟು ಇಲ್ಲದೆ ಕತ್ತಲಲ್ಲಿ ಓಡಿಸಿದರೆ ದಂಡ. ಇಲ್ಲಿ ಕೇಳಿದರೆ "ರಾತ್ರಿ ಯಾಕ ಓಡಿಸ್ತೀರಿ ಸರ?" ಅಂತ ಉತ್ತರ. ಫ್ರೀ ಸರ್ವಿಸ್ ಅಂದವರು ಹಿಂದಿನ ಗಾಲಿಯ ಔಟ್, ಅಂದರೆ ಓಲಾಟ, ತೆಗೆಯಲು ಮೂರು ಸಲ ಓಡಾಡಿಸಿದರು. ಕೊನೆಗೆ ನಮ್ಮ ಓಣಿಯ ಪಂಕ್ಚರ್ ಅಂಗಡಿಯವರು ಹತ್ತು ನಿಮಿಷದಲ್ಲಿ ಕಡ್ಡಿ ಬಿಗಿದು ಕೊಟ್ಟರು.

ಎಲೆಕ್ಟ್ರಿಕ್ ಸೈಕಲ್ ಯಾಕೆ ತಗೊಳ್ಳಲಿಲ್ಲ ಅಂತ ಮಗಳು ಕೇಳಿದಳು. ಜರ್ಮನಿಯಲ್ಲಿ 2023 ರಲ್ಲಿ ಸಾದಾ ಸೈಕಲ್ಲಿಗಿಂತ ಅವೇ ಜಾಸ್ತಿ ಮಾರಾಟ ಆದವು. ಅಲ್ಲೂ ಇಲ್ಲೂ ಮೋಟಾರು 250 ವ್ಯಾಟ್, ವೇಗ ಗಂಟೆಗೆ 25 ಕಿಲೋಮೀಟರ್ ಒಳಗಿದ್ದರೆ ಲೈಸೆನ್ಸ್ ಬೇಡ. ಆದರೆ ಎತ್ತಿ ನೋಡಿದೆ, ನಮ್ಮ ಮನೆಯ ನಾಲ್ಕು ಮೆಟ್ಟಿಲು ನನ್ನಿಂದ ಹತ್ತಿಸಲು ಆಗಲ್ಲ.

ವಿಜಯಪುರ, ಬಾಗಲಕೋಟೆ ಅಂದರೆ ಸೈಕಲ್ ಪಟುಗಳ ಸೀಮೆ. ಬೆಳಿಗ್ಗೆ ಹೆದ್ದಾರಿಯಲ್ಲಿ ಬಗ್ಗಿಕೊಂಡು ಹಾರಿಹೋಗುವ ಹುಡುಗ ಹುಡುಗಿಯರನ್ನು ನೋಡಿ ಎಲ್ಲರೂ ಭಲೇ ಅನ್ನುತ್ತಾರೆ. ಅದೇ ಮುದುಕ ಸೈಕಲ್ ಮೇಲೆ ಕೊತ್ತಂಬರಿ ತಂದರೆ "ಯಾಕ್ರಿ, ಸ್ಕೂಟಿ ಕೆಟ್ಟದೇನು?" ಮೊದಲ ತಿಂಗಳು ನನ್ನ ಹೆಂಡತಿಯೂ ಜೊತೆಗೆ ಗುಡಿಗೆ ಬರಲು ಒಪ್ಪಲಿಲ್ಲ, ಚಿಟ್ಟೆ ಕಂಡರೆ ಅವಳಿಗೇ ನಾಚಿಕೆ.

ಹೋದ ವಾರ ಪಕ್ಕದ ಮನೆಯ ರಿಟೈರ್ಡ್ ಮಾಸ್ತರು ಬಂದಿದ್ದರು. ಅವರಿಗೂ ಮೊಣಕಾಲು ನೋವು. ಯಾರೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಅಂಗಳದಲ್ಲಿ ಎರಡು ಸುತ್ತು ಹೊಡೆದರು. ಇಳಿದು ಬೆಲ್ ಒಂದು ಸಲ ಬಾರಿಸಿ, ಮೆಲ್ಲಗೆ ಕೇಳಿದರು: "ಚಿಟ್ಟಿ ಇಲ್ಲದ್ದು ಸಿಗ್ತದೇನ್ರಿ?"